ಯಾವಾಗ? ಎಷ್ಟು ಹೊತ್ತು? ಭೌತಶಾಸ್ತ್ರದ ಲೆಕ್ಕದಲ್ಲಿ ಕ್ಷಣವನ್ನೂ ಅವಧಿಯನ್ನೂ ಬೇರೆ ಮಾಡುವುದು ಹೇಗೆ

ಕಳೆದ ವಾರ ಟ್ಯೂಷನ್ನಿಗೆ ಬರುವ ಹುಡುಗಿಯೊಬ್ಬಳು ಒಂದು ಲೆಕ್ಕ ತಂದಳು. ನಿಂತಲ್ಲಿಂದ ಹೊರಟ ಬೈಕ್, ವೇಗೋತ್ಕರ್ಷ (ಅಂದರೆ ಸೆಕೆಂಡಿಗೆ ವೇಗ ಎಷ್ಟು ಹೆಚ್ಚುತ್ತದೆ ಅನ್ನುವುದು) 2 ಮೀ/ಸೆ², ಮೂರನೇ ಸೆಕೆಂಡಿನಲ್ಲಿ ಅದು ಎಷ್ಟು ದೂರ ಹೋಯಿತು? ಅವಳು 9 ಮೀಟರ್ ಅಂತ ಬರೆದಿದ್ದಳು. ಸೂತ್ರ ಸರಿ. ಗುಣಾಕಾರ ಸರಿ. ಉತ್ತರ ಮಾತ್ರ ತಪ್ಪು. "ಎಲ್ಲಿ ತಪ್ಪಿದ್ದು ಟೀಚರೇ?" ಅಂತ ನೋಟ್ಸನ್ನು ಮೂರು ಸಲ ತಿರುಗಿಸಿ ನೋಡಿದಳು, ಸಿಗಲಿಲ್ಲ. ಸಿಗುವುದೂ ಇಲ್ಲ, ಯಾಕಂದ್ರೆ ತಪ್ಪು ಆಗಿದ್ದು ಲೆಕ್ಕದಲ್ಲಲ್ಲ, ಪ್ರಶ್ನೆ ಓದುವುದರಲ್ಲಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲೇ ಕನ್ನಡ ಮೀಡಿಯಂ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಚಲನೆಯ ಪಾಠದಲ್ಲಿ ಮಕ್ಕಳು ಕಳೆದುಕೊಳ್ಳುವ ಮಾರ್ಕುಗಳಲ್ಲಿ ದೊಡ್ಡ ಪಾಲು ಈ ಒಂದೇ ಗೊಂದಲದ್ದು. ಸೂತ್ರದಲ್ಲಿ ಬರುವ ‘ಟಿ’ ಅನ್ನುವ ಅಕ್ಷರ ಎರಡು ಕೆಲಸ ಮಾಡುತ್ತದೆ. ಒಮ್ಮೆ ‘ಯಾವಾಗ’ ಅಂತ ಹೇಳುತ್ತದೆ, ಇನ್ನೊಮ್ಮೆ ‘ಎಷ್ಟು ಹೊತ್ತು’ ಅಂತ. ಒಂದೇ ಇನಿಷಿಯಲ್ ಇರುವ ಇಬ್ಬರು ಮಕ್ಕಳ ಪೇಪರ್ ಅದಲುಬದಲಾಗುತ್ತದಲ್ಲ, ಹಾಗೆ. ಎರಡನ್ನೂ ಬೇರೆ ಮಾಡಿ ಇಡುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಪಕ್ಕದಲ್ಲಿ ಪೆನ್ನು, ಕಾಗದ ಇಟ್ಟುಕೊಂಡು ಓದಿ.

ಹಂತ 1: ‘ಯಾವಾಗ?’ ಅಂತ ಕೇಳಿ, ಆಮೇಲೆ ‘ಎಷ್ಟು ಹೊತ್ತು?’ ಅಂತ ಕೇಳಿ

ಪ್ರಶ್ನೆಯಲ್ಲಿ ಸಮಯದ ಸಂಖ್ಯೆ ಕಂಡ ಕೂಡಲೇ ಈ ಎರಡು ಪ್ರಶ್ನೆ ಹಾಕಿ. ‘ಯಾವಾಗ’ ಅನ್ನುವುದಕ್ಕೆ ಅದು ಉತ್ತರವಾದರೆ ಅದು ಕ್ಷಣ. ‘ಎಷ್ಟು ಹೊತ್ತು’ ಅನ್ನುವುದಕ್ಕೆ ಉತ್ತರವಾದರೆ ಅವಧಿ. ಬಸ್ 8.40ಕ್ಕೆ ಹೊರಟಿತು, ಇದು ಕ್ಷಣ. ದಾರಿಯಲ್ಲಿ 45 ನಿಮಿಷ ಆಯಿತು, ಇದು ಅವಧಿ.

ಇಷ್ಟು ಸುಲಭ ಇದ್ದರೆ ಇಷ್ಟುದ್ದ ಬರೆಯುವ ಅಗತ್ಯ ಇರಲಿಲ್ಲ. ತೊಂದರೆ ಇರುವುದು ನಮ್ಮ ‘ಗಂಟೆ’ಯಲ್ಲಿ. ಕನ್ನಡದಲ್ಲಿ ಗಡಿಯಾರ ತೋರಿಸುವುದೂ ಗಂಟೆ, ಕಾದು ಕೂತದ್ದೂ ಗಂಟೆ. "ಮೂರು ಗಂಟೆಯಿಂದ ಕಾಯ್ತಾ ಇದ್ದೇನೆ" ಅಂತ ಯಾರಾದರೂ ಹೇಳಿದರೆ, ಅವರು ಮೂರಕ್ಕೆ ಬಂದು ನಿಂತವರೋ ಅಥವಾ ಮೂರು ತಾಸು ಕಾದವರೋ? ಮುಖ ನೋಡಿ ಗೊತ್ತಾಗಬೇಕು ಅಷ್ಟೆ. ತುಳುವಿನಲ್ಲೂ "ಗಂಟೆ ಏತಾಂಡ್?" ಅಂತಲೇ ಕೇಳುವುದು. ಆದರೆ ಪಕ್ಕದ ಮನೆಯ ಮಲಯಾಳಂನಲ್ಲಿ ಈ ಕಷ್ಟ ಇಲ್ಲ. ಅವರಿಗೆ ಗಡಿಯಾರದ ಮೂರು ‘ಮೂನ್ನು ಮಣಿ’, ಕಾದ ಮೂರು ‘ಮೂನ್ನು ಮಣಿಕ್ಕೂರ್’. ಎರಡಕ್ಕೂ ಬೇರೆ ಬೇರೆ ಪದ. ನಮ್ಮ ಊರಿನ ಮಕ್ಕಳಿಗೆ ಮಲಯಾಳಂ ಕಿವಿ ಇದ್ದೇ ಇರುತ್ತದೆ, ಹಾಗಾಗಿ ನಾನು ನೇರವಾಗಿ ಕೇಳುತ್ತೇನೆ: ಇದು ಮಣಿಯಾ, ಮಣಿಕ್ಕೂರಾ? ತಕ್ಷಣ ಸರಿ ಉತ್ತರ ಬರುತ್ತದೆ. ಕನ್ನಡ ಪರೀಕ್ಷೆಗೆ ಮಲಯಾಳಂ ಸಹಾಯ, ಇರಲಿ ಬಿಡಿ.

ವಿಭಕ್ತಿ ಪ್ರತ್ಯಯ ನೋಡಿ ಗುರುತು ಹಿಡಿಯುತ್ತೇನೆ ಅಂತ ಕೆಲವರು ಹೇಳುತ್ತಾರೆ. ‘ಗೆ’ ಬಂದರೆ ಕ್ಷಣ, ‘ಅಲ್ಲಿ’ ಬಂದರೆ ಅವಧಿ ಅಂತ. ಅದನ್ನು ಪೂರ್ತಿ ನಂಬಬೇಡಿ. ‘3 ಗಂಟೆಗೆ’ ಕ್ಷಣ ನಿಜ, ಆದರೆ ‘ಗಂಟೆಗೆ 40 ಕಿಲೋಮೀಟರ್’ ಅನ್ನುವಾಗ ಅದೇ ‘ಗೆ’ ಅವಧಿಗೆ ಅಂಟಿಕೊಂಡಿದೆ.

ಇನ್ನೊಂದು ಪದ ‘ಕ್ಷಣ’. ಮಾತಿನಲ್ಲಿ "ಒಂದು ಕ್ಷಣ ನಿಲ್ಲಿ" ಅಂದರೆ ಸ್ವಲ್ಪ ಹೊತ್ತು. ಭೌತಶಾಸ್ತ್ರದಲ್ಲಿ ಕ್ಷಣಕ್ಕೆ ಉದ್ದವೇ ಇಲ್ಲ. ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಅಲ್ಲ, ಕೋಟಿಯಲ್ಲೊಂದು ಪಾಲೂ ಅಲ್ಲ, ಯಾಕಂದ್ರೆ ಅವೆಲ್ಲ ಚಿಕ್ಕ ಚಿಕ್ಕ ಅವಧಿಗಳು. ಕ್ಷಣ ಅಂದರೆ ಗೆರೆಯ ಮೇಲಿನ ಚುಕ್ಕಿ. ‘ಮುಹೂರ್ತ’ದ ಕಥೆ ಇದಕ್ಕೆ ಉಲ್ಟಾ. ಹಳೆಯ ಲೆಕ್ಕದಲ್ಲಿ ದಿನಕ್ಕೆ 60 ಗಳಿಗೆ, ಒಂದು ಗಳಿಗೆ 24 ನಿಮಿಷ, ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಅದು ಅಪ್ಪಟ ಅವಧಿ. ಆದರೆ ಮದುವೆ ಕಾಗದದಲ್ಲಿ ‘12.15ರ ಅಭಿಜಿನ್ ಮುಹೂರ್ತ’ ಅಂತ ಅಚ್ಚಾದ ಮೇಲೆ ಎಲ್ಲರೂ ಅದನ್ನು ಕ್ಷಣದ ಹಾಗೆಯೇ ನಡೆಸುತ್ತಾರೆ, ಪುರೋಹಿತರು ವಾಚ್ ನೋಡುತ್ತಾ ಅವಸರ ಮಾಡುತ್ತಾರೆ. ಈ ಅಭಿಜಿನ್ ಮುಹೂರ್ತಕ್ಕೆ ಇನ್ನೊಮ್ಮೆ ಬರುತ್ತೇನೆ.

ಹಂತ 2: ಗೆರೆ ಎಳೆಯಿರಿ

ಪ್ರಶ್ನೆ ಎಷ್ಟೇ ಸಣ್ಣದಿರಲಿ, ಒಂದು ಅಡ್ಡಗೆರೆ ಎಳೆಯಿರಿ. ಎಡಗಡೆ ಸೊನ್ನೆ. ಕ್ಷಣಗಳಿಗೆ ಚುಕ್ಕಿ ಇಡಿ, ಚುಕ್ಕಿಯ ಕೆಳಗೆ ಸಂಖ್ಯೆ ಬರೆಯಿರಿ. ಅವಧಿಗೆ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಬಾಣ, ಸಂಖ್ಯೆ ಬಾಣದ ಮೇಲೆ. ಚುಕ್ಕಿಗೆ ‘ಟಿ1’, ‘ಟಿ2’ ಅಂತ ಹೆಸರು ಕೊಡಿ. ಬಾಣಕ್ಕೆ ‘ಡೆಲ್ಟಾ ಟಿ’. ಪಾಠಪುಸ್ತಕದಲ್ಲಿ ಬರೀ ‘ಟಿ’ ಅಂತ ಇದ್ದರೂ ನೀವು ನಿಮ್ಮ ಕಾಗದದಲ್ಲಿ ಬೇರೆ ಬೇರೆ ಬರೆಯಿರಿ, ಯಾರೂ ಮಾರ್ಕು ಕಳೆಯುವುದಿಲ್ಲ.

ತೋಟದ ಬೇಲಿ ನೆನಪು ಮಾಡಿಕೊಳ್ಳಿ. ಕಂಬ ಕ್ಷಣ, ಎರಡು ಕಂಬದ ನಡುವಿನ ಜಾಗ ಅವಧಿ. ಹತ್ತು ಜಾಗಕ್ಕೆ ಹನ್ನೊಂದು ಕಂಬ ಬೇಕು. ಹತ್ತೇ ಕಂಬ ತಂದವನು ಸಂಜೆ ಮತ್ತೆ ಪೇಟೆಗೆ ಹೋಗಬೇಕಾಗುತ್ತದೆ. ಈ ಒಂದು ಕಂಬದ ತಪ್ಪು ಲ್ಯಾಬಿನಲ್ಲಿ ನನಗೇ ಆಗಿದೆ, ಹಂತ 6ರಲ್ಲಿ ಹೇಳುತ್ತೇನೆ.

ಹಂತ 3: ಯಾವುದನ್ನು ಕೂಡಿಸಬಹುದು, ಯಾವುದನ್ನು ಕೂಡಿಸಬಾರದು

ಬದಿಯಡ್ಕದಿಂದ 8.40ಕ್ಕೆ ಹೊರಟ ಬಸ್ 9.25ಕ್ಕೆ ಕಾಸರಗೋಡು ಮುಟ್ಟಿತು ಅಂತ ಇಟ್ಟುಕೊಳ್ಳಿ. ಕ್ಷಣದಿಂದ ಕ್ಷಣ ಕಳೆದರೆ ಅವಧಿ ಸಿಗುತ್ತದೆ, 45 ನಿಮಿಷ. ಹೊರಟ ಕ್ಷಣಕ್ಕೆ ಈ ಅವಧಿ ಕೂಡಿಸಿದರೆ ಮುಟ್ಟಿದ ಕ್ಷಣ. ಹೋಗಲು 45, ಬರಲು 50 ಆದರೆ ಅವಧಿಗೆ ಅವಧಿ ಕೂಡಿಸಿ 95 ನಿಮಿಷ ಅನ್ನಬಹುದು. ಅವಧಿಯನ್ನು ಎರಡರಿಂದ ಗುಣಿಸಬಹುದು, ಅರ್ಧ ಮಾಡಬಹುದು.

ಕ್ಷಣಕ್ಕೆ ಕ್ಷಣ ಕೂಡಿಸಿದರೆ? 8.40ಕ್ಕೆ 9.25 ಕೂಡಿಸಿದರೆ ಕ್ಯಾಲ್ಕುಲೇಟರಿನಲ್ಲಿ 17.65. ಹಾಗಂದ್ರೆ ಏನು? ಏನೂ ಇಲ್ಲ. ಕ್ಯಾಲ್ಕುಲೇಟರಿಗೆ ನಾಚಿಕೆ ಇಲ್ಲದ ಕಾರಣ ಅದು ಉತ್ತರ ಕೊಡುತ್ತದೆ. ಹಾಗೆಯೇ ‘9.25ರ ಎರಡು ಪಟ್ಟು’ ಅನ್ನುವುದಕ್ಕೂ ಅರ್ಥ ಇಲ್ಲ.

ಇಲ್ಲೇ ಇನ್ನೊಂದು ಗುಂಡಿ ಇದೆ. ಕ್ಯಾಲ್ಕುಲೇಟರಿನಲ್ಲಿ 9.25ರಿಂದ 8.40 ಕಳೆದರೆ 0.85 ಬರುತ್ತದೆ. 85 ನಿಮಿಷ ಅಂತ ಬರೆದವರನ್ನು ನಾನು ನೋಡಿದ್ದೇನೆ. ಗಡಿಯಾರದ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. ಮೊದಲು ಎರಡನ್ನೂ ನಿಮಿಷಕ್ಕೆ ತನ್ನಿ, 565 ಮತ್ತು 520. ಆಮೇಲೆ ಕಳೆಯಿರಿ.

"ಹಾಗಾದರೆ ಎರಡು ಕ್ಷಣಗಳ ಸರಾಸರಿ ತೆಗೆಯುತ್ತೇವಲ್ಲ, ಅಲ್ಲಿ ಕೂಡಿಸುವುದಿಲ್ಲವಾ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. 8.40 ಮತ್ತು 9.25ರ ನಡುವಿನ ಕ್ಷಣ 9 ಗಂಟೆ 2 ನಿಮಿಷ 30 ಸೆಕೆಂಡ್, ಅದಕ್ಕೆ ಅರ್ಥ ಇದೆ. ಆದರೆ ನಿಜವಾಗಿ ಅಲ್ಲಿ ನಡೆಯುವುದು ಬೇರೆ: ಮೊದಲ ಕ್ಷಣಕ್ಕೆ ಅವಧಿಯ ಅರ್ಧ ಕೂಡಿಸುತ್ತೇವೆ. ಕೂಡಿಸಿ ಎರಡರಿಂದ ಭಾಗಿಸುವುದು ಅದಕ್ಕೇ ಇರುವ ಅಡ್ಡದಾರಿ.

ಸಮಯಕ್ಕೆ ಮಾತ್ರ ಹೀಗೆ ಅಂತಲ್ಲ. ಉಷ್ಣತೆ ತೆಗೆದುಕೊಳ್ಳಿ. 27 ಡಿಗ್ರಿ ಸೆಲ್ಸಿಯಸ್ ಅಂದರೆ ಸುಮಾರು 300 ಕೆಲ್ವಿನ್. ಆದರೆ ನೀರು 5 ಡಿಗ್ರಿ ಬಿಸಿಯಾಯಿತು ಅಂದರೆ ಎರಡೂ ಲೆಕ್ಕದಲ್ಲಿ 5. ಸೊನ್ನೆ ಎಲ್ಲಿದೆ ಅನ್ನುವುದರ ಮೇಲೆ ಮೊದಲನೆಯದು ನಿಂತಿದೆ, ಎರಡನೆಯದಕ್ಕೆ ಸೊನ್ನೆಯ ಗೊಡವೆ ಇಲ್ಲ. ಮೈಲುಗಲ್ಲಿನ ಸಂಖ್ಯೆ ಮತ್ತು ನಡೆದ ದೂರವೂ ಹೀಗೆಯೇ.

ಹಂತ 4: ಸೊನ್ನೆ ಎಲ್ಲಿದೆ ಅಂತ ಹುಡುಕಿ

ನಮ್ಮ ಮನೆಯ ಗೋಡೆ ಗಡಿಯಾರ 10 ನಿಮಿಷ ಮುಂದೆ. ಬಸ್ ತಪ್ಪದಿರಲಿ ಅಂತ ಅಪ್ಪ ಹಾಗೆ ಇಟ್ಟದ್ದು, ಎಲ್ಲರಿಗೂ ಗೊತ್ತು, ಎಲ್ಲರೂ ಮನಸ್ಸಿನಲ್ಲೇ 10 ಕಳೆಯುತ್ತಾರೆ, ಹಾಗಾಗಿ ಅದರಿಂದ ಯಾವ ಪ್ರಯೋಜನವೂ ಇಲ್ಲ. ಆದರೆ ಪಾಠಕ್ಕೆ ಬಹಳ ಒಳ್ಳೆಯದು. ಆ ಗಡಿಯಾರ ತೋರಿಸುವ ಪ್ರತಿಯೊಂದು ಕ್ಷಣವೂ ತಪ್ಪು. ಅದರಲ್ಲಿ ಅಳೆದ ಪ್ರತಿಯೊಂದು ಅವಧಿಯೂ ಸರಿ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಅಂತ ಅದನ್ನು ನೋಡಿ ಧೈರ್ಯವಾಗಿ ಹೇಳಬಹುದು, ಯಾಕಂದ್ರೆ ಒಲೆ ಹಚ್ಚಿದಾಗಲೂ 10 ಜಾಸ್ತಿ, ಇಳಿಸಿದಾಗಲೂ 10 ಜಾಸ್ತಿ, ಕಳೆದರೆ ಹೋಯಿತು.

ಬ್ಯಾಟರಿ ಇಳಿದ ಗಡಿಯಾರ ಬೇರೆ ಜಾತಿ. ಅದು ನಿಧಾನ ಓಡುತ್ತದೆ. ಬೆಳಿಗ್ಗೆ ಸರಿ ಮಾಡಿ ಇಟ್ಟರೂ ಸಂಜೆಗೆ ಹಿಂದೆ ಬಿದ್ದಿರುತ್ತದೆ. ಅದರಲ್ಲಿ ಕ್ಷಣವೂ ತಪ್ಪು, ಅವಧಿಯೂ ತಪ್ಪು. ಲ್ಯಾಬಿನಲ್ಲಿ ಉಪಕರಣದ ತಪ್ಪು ಹುಡುಕುವಾಗ ಮೊದಲು ಕೇಳಬೇಕಾದ್ದು ಇದನ್ನೇ: ಸೊನ್ನೆ ಜಾರಿದೆಯಾ, ಓಟ ಕೆಟ್ಟಿದೆಯಾ?

ಸೊನ್ನೆ ಅನ್ನುವುದು ಮನುಷ್ಯರು ಒಪ್ಪಿ ಇಟ್ಟದ್ದು ಅಂತ ಕಣ್ಣಾರೆ ನೋಡಬೇಕಾದರೆ ಅಂಗಳಕ್ಕೆ ಬನ್ನಿ. ಬಿಸಿಲಿರುವ ದಿನ ಒಂದು ಕೋಲನ್ನು ನೆಟ್ಟಗೆ ನೆಡಿ. 11.45ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲು ಇಡುತ್ತಾ ಹೋಗಿ. ನೆರಳು ಅತಿ ಚಿಕ್ಕದಾದಾಗ ನಮ್ಮ ಊರಿನ ನಿಜವಾದ ಮಧ್ಯಾಹ್ನ. ಅದು 12ಕ್ಕೆ ಆಗುವುದಿಲ್ಲ. ಕಾಸರಗೋಡು ಇರುವುದು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ, ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ಏಳೂವರೆ ಡಿಗ್ರಿಗೆ 30 ನಿಮಿಷ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಸರಾಸರಿ 12.30ಕ್ಕೆ. ಸರಾಸರಿ ಅಂದೆ, ಯಾಕಂದ್ರೆ ಭೂಮಿಯ ಓರೆ ಮತ್ತು ಅದರ ಕಕ್ಷೆ ಪೂರ್ತಿ ದುಂಡಗಿಲ್ಲದ ಕಾರಣ ಇದು ವರ್ಷವಿಡೀ ಅಲ್ಲಾಡುತ್ತದೆ: ನವೆಂಬರ್ ಶುರುವಿಗೆ ಸುಮಾರು 12.14, ಫೆಬ್ರವರಿ ನಡುವಿಗೆ ಸುಮಾರು 12.44.

ಅಭಿಜಿನ್ ಮುಹೂರ್ತ ಅಂದರೆ ಹಗಲಿನ ಹದಿನೈದು ಮುಹೂರ್ತಗಳಲ್ಲಿ ಎಂಟನೆಯದು, ನಟ್ಟನಡುವಿನದು. ನಡು 12.30 ಅಂತ ಇಟ್ಟುಕೊಂಡರೆ ಅದು ಸುಮಾರು 12.06ರಿಂದ 12.54ರವರೆಗೆ. ನಮ್ಮ ಕಡೆಯ ಮದುವೆ ಕಾಗದದಲ್ಲಿ 12.15 ಬರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ರೇಖಾಂಶದ ಕಾರಣಕ್ಕೆ.

ಈಗ ಕೋಲಿನ ಪಾಠದ ಮುಖ್ಯ ಭಾಗ. ಗಡಿಯಾರದ ಮಧ್ಯಾಹ್ನ ಮತ್ತು ನೆರಳಿನ ಮಧ್ಯಾಹ್ನ ಬೇರೆ ಬೇರೆ ಕ್ಷಣ. ಆದರೆ ಇವತ್ತಿನ ನೆರಳಿನ ಮಧ್ಯಾಹ್ನದಿಂದ ನಾಳೆಯದಕ್ಕೆ ಇರುವ ಅವಧಿ ಅರ್ಧ ನಿಮಿಷದ ಒಳಗೆ 24 ಗಂಟೆಯೇ.

ಗಲ್ಫಿನಲ್ಲಿ ಯಾರಾದರೂ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಕಮ್ಮಿ, ಹಾಗಾಗಿ ಮುಂದಿನ ಉದಾಹರಣೆ ಮಕ್ಕಳಿಗೆ ಬೇಗ ಹಿಡಿಯುತ್ತದೆ. ಮಂಗಳೂರಿನಿಂದ ರಾತ್ರಿ 8ಕ್ಕೆ ಹೊರಟ ವಿಮಾನ ದುಬೈಯಲ್ಲಿ 10ಕ್ಕೆ ಇಳಿಯಿತು ಅಂತ ಟಿಕೆಟಿನಲ್ಲಿ ಇದೆ ಅನ್ನಿ. ಹತ್ತರಿಂದ ಎಂಟು ಕಳೆದು 2 ಗಂಟೆ ಅಂದರೆ ತಪ್ಪು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾರಿದ ಅವಧಿ ಮೂರೂವರೆ ಗಂಟೆ. ವಾಪಸ್ ಬರುವಾಗ ಅದೇ ಮೂರೂವರೆ ಟಿಕೆಟಿನಲ್ಲಿ ಐದು ಗಂಟೆಯ ಹಾಗೆ ಕಾಣುತ್ತದೆ. ಕಳೆಯುವ ಮೊದಲು ಎರಡೂ ಕ್ಷಣಗಳ ಸೊನ್ನೆ ಒಂದೇ ಇರಬೇಕು, ನಿಯಮ ಇಷ್ಟೇ. ರಾತ್ರಿ 9.30ಕ್ಕೆ ಚೌಕಿ ಪೂಜೆ ಆಗಿ ಬೆಳಿಗ್ಗೆ 5.45ಕ್ಕೆ ಮಂಗಳ ಹಾಡಿದ ಬಯಲಾಟಕ್ಕೂ ಇದೇ ನಿಯಮ. ನಡುರಾತ್ರಿ ಗಡಿಯಾರ ಸೊನ್ನೆಗೆ ಹೋಗುತ್ತದೆ, ಆಟ ಹೋಗುವುದಿಲ್ಲ. 5.45ಕ್ಕೆ 24 ಸೇರಿಸಿ ಆಮೇಲೆ ಕಳೆಯಿರಿ, 8 ಗಂಟೆ 15 ನಿಮಿಷ.

ಹಂತ 5: ‘3 ಸೆಕೆಂಡಿನಲ್ಲಿ’, ‘3ನೇ ಸೆಕೆಂಡಿನಲ್ಲಿ’, ‘3 ಸೆಕೆಂಡ್ ಆದಾಗ’

ಈಗ ಆ ಹುಡುಗಿಯ ಬೈಕಿಗೆ ಬರೋಣ. ಮೂರೂ ಮಾತು ನೋಡಲು ಒಂದೇ ಥರ, ಅರ್ಥ ಬೇರೆ ಬೇರೆ.

‘3 ಸೆಕೆಂಡ್ ಆದಾಗ’ ಅಂದರೆ ಕ್ಷಣ. ಗೆರೆಯ ಮೇಲೆ 3 ಅಂತ ಬರೆದಿರುವ ಚುಕ್ಕಿ. ಅಲ್ಲಿ ವೇಗ ಕೇಳಬಹುದು, ಸ್ಥಾನ ಕೇಳಬಹುದು. ‘3 ಸೆಕೆಂಡಿನಲ್ಲಿ’ ಅಂದರೆ ಅವಧಿ, ಸೊನ್ನೆಯಿಂದ 3ರವರೆಗಿನ ಪೂರ್ತಿ ಬಾಣ. ‘3ನೇ ಸೆಕೆಂಡಿನಲ್ಲಿ’ ಅಂದರೂ ಅವಧಿಯೇ, ಆದರೆ ಅದು ಒಂದೇ ಸೆಕೆಂಡ್ ಉದ್ದದ ಬಾಣ, 2ರ ಚುಕ್ಕಿಯಿಂದ 3ರ ಚುಕ್ಕಿಗೆ.

ನಿಂತಲ್ಲಿಂದ ಹೊರಟರೆ ದೂರದ ಸೂತ್ರ ಅರ್ಧ × ವೇಗೋತ್ಕರ್ಷ × ಟಿ ವರ್ಗ. ಬೈಕ್ ಸೊನ್ನೆಯಿಂದ 3ರವರೆಗೆ ಹೋದ ದೂರ: ಅರ್ಧ × 2 × 9 = 9 ಮೀಟರ್. ಸೊನ್ನೆಯಿಂದ 2ರವರೆಗೆ: ಅರ್ಧ × 2 × 4 = 4 ಮೀಟರ್. ಮೂರನೇ ಸೆಕೆಂಡಿನಲ್ಲಿ ಹೋದದ್ದು 9 − 4 = 5 ಮೀಟರ್. ಅವಳು ಬರೆದ 9 ಮೊದಲ ಮೂರು ಸೆಕೆಂಡಿನ ಒಟ್ಟು ದೂರ.

‘3ನೇ’ ಅನ್ನುವ ಎರಡಕ್ಷರಕ್ಕೆ ಇಷ್ಟು ಬೆಲೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಮಗುವಿಗೆ ಮೂರನೇ ವರ್ಷ ನಡೆಯುತ್ತಿದೆ ಅಂದರೆ ಅದಕ್ಕೆ ಎರಡು ತುಂಬಿದೆ, ಮೂರು ಇನ್ನೂ ತುಂಬಿಲ್ಲ ಅಂತ ಅಜ್ಜಿಯೂ ಹೇಳುತ್ತಾರೆ. ತುಂಬುವುದು ಕ್ಷಣ, ನಡೆಯುವುದು ಅವಧಿ.

ಒಂದು ಚಂದದ ವಿಷಯ: ನಿಂತಲ್ಲಿಂದ ಹೊರಟು ಒಂದೇ ವೇಗೋತ್ಕರ್ಷದಲ್ಲಿ ಹೋಗುವ ಯಾವ ವಸ್ತುವಾದರೂ ಮೊದಲನೇ, ಎರಡನೇ, ಮೂರನೇ, ನಾಲ್ಕನೇ ಸೆಕೆಂಡಿನಲ್ಲಿ ಹೋಗುವ ದೂರಗಳು 1, 3, 5, 7ರ ಅನುಪಾತದಲ್ಲಿ ಇರುತ್ತವೆ. ಗೆಲಿಲಿಯೋ ಕಂಡುಕೊಂಡದ್ದು ಇದನ್ನು, 17ನೇ ಶತಮಾನದಲ್ಲಿ. ಅವನ ಹತ್ತಿರ ಸೆಕೆಂಡ್ ತೋರಿಸುವ ಗಡಿಯಾರ ಇರಲಿಲ್ಲ. ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಹೊತ್ತು ಅಳೆದ. ಅಂದರೆ ಅವನಿಗೆ ‘ಗಂಟೆ ಎಷ್ಟು’ ಅಂತ ಗೊತ್ತಾಗುವ ಅಗತ್ಯವೇ ಇರಲಿಲ್ಲ, ಅವಧಿ ಸಾಕಾಗಿತ್ತು. ನಮ್ಮ ಹಳೆಯ ಗಳಿಗೆ ಬಟ್ಟಲೂ ಹೀಗೆಯೇ. ತಳದಲ್ಲಿ ತೂತಿರುವ ಬಟ್ಟಲು ನೀರಿನಲ್ಲಿ ಮುಳುಗಲು ಒಂದು ಗಳಿಗೆ. ಯಾವಾಗ ತೇಲಿ ಬಿಟ್ಟರೂ ಮುಳುಗಲು ಅಷ್ಟೇ ಹೊತ್ತು.

ಹಂತ 6: ಎಣಿಸುವಾಗ ಸೊನ್ನೆಯಿಂದ ಶುರು ಮಾಡಿ

ಇದು ನನ್ನದೇ ಅವಮಾನದ ಕಥೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸರಳ ಲೋಲಕ, ಅಂದರೆ ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡು, ಬಂದಿತ್ತು. ದಾರ 1 ಮೀಟರ್, 20 ಆಂದೋಲನದ (ಒಮ್ಮೆ ಹೋಗಿ ಬಂದರೆ ಒಂದು ಆಂದೋಲನ) ಅವಧಿ ಅಳೆದು ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಗುಂಡು ನಡುವಿನ ಗುರುತು ದಾಟಿದ ಕೂಡಲೇ ಸ್ಟಾಪ್‌ವಾಚ್ ಒತ್ತಿ, ಜೊತೆಗೆ "ಒಂದು" ಅಂತ ಎಣಿಸಿದೆ. ಅದೇ ದಿಕ್ಕಿನಲ್ಲಿ ಮತ್ತೆ ದಾಟಿದಾಗ "ಎರಡು". ಹೀಗೆ "ಇಪ್ಪತ್ತು" ಅಂದ ಕೂಡಲೇ ನಿಲ್ಲಿಸಿದೆ. 38.2 ಸೆಕೆಂಡ್. ಇಪ್ಪತ್ತರಿಂದ ಭಾಗಿಸಿದರೆ 1.91. ಸೂತ್ರಕ್ಕೆ ಹಾಕಿದರೆ 10.8 ಮೀ/ಸೆ². ನಮ್ಮ ಊರಿನಲ್ಲಿ ಅದು ಸುಮಾರು 9.78 ಇರಬೇಕು.

ಏನಾಯಿತು? ನಾನು ಎಣಿಸಿದ್ದು ಇಪ್ಪತ್ತು ಕಂಬ. ಕಂಬಗಳ ನಡುವಿನ ಜಾಗ ಹತ್ತೊಂಬತ್ತೇ. 38.2ನ್ನು 19ರಿಂದ ಭಾಗಿಸಿದರೆ 2.01, ಒಂದು ಆಂದೋಲನಕ್ಕೆ ಹಿಡಿಯುವ ಸರಿಯಾದ ಹೊತ್ತು ಅದೇ. ಸೂತ್ರದಲ್ಲಿ ಅವಧಿಯ ವರ್ಗ ಬರುವ ಕಾರಣ ಶೇಕಡಾ 5ರ ತಪ್ಪು ಶೇಕಡಾ 10ಕ್ಕಿಂತ ಜಾಸ್ತಿಯಾಗಿ ಉತ್ತರದಲ್ಲಿ ಕೂತಿತು. ಪರೀಕ್ಷಕರು ಏನೂ ಹೇಳಲಿಲ್ಲ, ಸುಮ್ನೆ ಒಂದು ಗೆರೆ ಎಳೆದರು.

ಹಾಗಾಗಿ ವಾಚ್ ಒತ್ತುವಾಗ ಬಾಯಿಬಿಟ್ಟು "ಸೊನ್ನೆ" ಅನ್ನಿ. ಮೊದಮೊದಲು ವಿಚಿತ್ರ ಅನಿಸುತ್ತದೆ, ಎರಡು ದಿನದಲ್ಲಿ ರೂಢಿಯಾಗುತ್ತದೆ.

ಇಪ್ಪತ್ತು ಯಾಕೆ, ಒಂದೇ ಆಂದೋಲನ ಅಳೆದರೆ ಸಾಲದಾ? ಅವಧಿಗೆ ಎರಡು ತುದಿ ಇರುತ್ತದೆ. ಎರಡೂ ತುದಿಯಲ್ಲಿ ನಿಮ್ಮ ಬೆರಳು ತಡ ಮಾಡುತ್ತದೆ, ಹೆಚ್ಚುಕಮ್ಮಿ 0.2 ಸೆಕೆಂಡ್. ಶುರುವಿನಲ್ಲೂ ಕೊನೆಯಲ್ಲೂ ಸರಿಯಾಗಿ ಅಷ್ಟೇ ತಡವಾದರೆ ನಮ್ಮ ಗೋಡೆ ಗಡಿಯಾರದ 10 ನಿಮಿಷದ ಹಾಗೆ ಅದು ವಜಾ ಆಗುತ್ತದೆ. ಆದರೆ ಎರಡು ಸಲವೂ ಒಂದೇ ಥರ ತಡ ಆಗುವುದಿಲ್ಲ. ಉಳಿಯುವ ಆ ವ್ಯತ್ಯಾಸವನ್ನು ಇಪ್ಪತ್ತು ಆಂದೋಲನಕ್ಕೆ ಹಂಚಿಬಿಟ್ಟರೆ ಒಂದೊಂದರ ಪಾಲಿಗೆ ಬಹಳ ಕಮ್ಮಿ.

ಹಂತ 7: ಕ್ಷಣಕ್ಕೆ ಉದ್ದ ಇಲ್ಲದಿದ್ದರೆ ಆ ಕ್ಷಣದ ವೇಗ ಅಂದರೇನು?

ಇದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ವೇಗ ಅಂದರೆ ದೂರ ಭಾಗಿಸು ಅವಧಿ. ಕ್ಷಣದಲ್ಲಿ ಅವಧಿ ಸೊನ್ನೆ, ಹೋದ ದೂರವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಏನು ಬರುತ್ತದೆ? ಏನೂ ಹೇಳಲಾಗುವುದಿಲ್ಲ. ಆದರೂ ಬೈಕಿನ ಮೀಟರ್ ಪ್ರತಿ ಕ್ಷಣಕ್ಕೂ ಒಂದು ವೇಗ ತೋರಿಸುತ್ತಲೇ ಇರುತ್ತದೆ.

ತೆಂಗಿನಕಾಯಿ ಬೀಳಲಿ. ಗಾಳಿಯ ತಡೆ ಬಿಟ್ಟುಬಿಡೋಣ. ಬಿದ್ದ ದೂರ 4.9 × ಟಿ ವರ್ಗ. ತೊಟ್ಟು ಕಳಚಿ ಸರಿಯಾಗಿ 1 ಸೆಕೆಂಡ್ ಆದಾಗ ವೇಗ ಎಷ್ಟು ಬೇಕು. ಆ ಚುಕ್ಕಿಯಿಂದ ಶುರುವಾಗುವ ಒಂದು ಚಿಕ್ಕ ಬಾಣ ಎಳೆಯಿರಿ, 1ರಿಂದ 1.1ರವರೆಗೆ. ಆ ಅವಧಿಯಲ್ಲಿ ಬಿದ್ದ ದೂರ 1.029 ಮೀಟರ್, ಸರಾಸರಿ ವೇಗ 10.29 ಮೀ/ಸೆ. ಬಾಣವನ್ನು ಇನ್ನೂ ಚಿಕ್ಕದು ಮಾಡಿ, 1ರಿಂದ 1.01ರವರೆಗೆ. ಈಗ 9.849. ಇನ್ನೂ ಚಿಕ್ಕದು, 1.001ರವರೆಗೆ. 9.8049. ಬಾಣ ಕುಗ್ಗಿದ ಹಾಗೆ ಸಂಖ್ಯೆ 9.8ರ ಹತ್ತಿರ ಹತ್ತಿರ ಬಂದು ಕೂರುತ್ತದೆ. ಆ 9.8ನ್ನೇ ನಾವು ‘ಆ ಕ್ಷಣದ ವೇಗ’ ಅನ್ನುವುದು.

ಅಂದರೆ ವೇಗ ಹುಟ್ಟುವುದು ಅವಧಿಯಲ್ಲೇ. ಅದಕ್ಕೆ ಕ್ಷಣದ ಹೆಸರು ಇಡುತ್ತೇವೆ. ಹತ್ತನೇ ಕ್ಲಾಸಿನವರಿಗೆ ಇಷ್ಟು ಸಾಕು, ಮುಂದೆ ಕ್ಯಾಲ್ಕುಲಸ್ ಬಂದಾಗ ಅಲ್ಲಿ ಹೊಸದೇನೂ ಇರುವುದಿಲ್ಲ, ಇದನ್ನೇ ಚುರುಕಾಗಿ ಮಾಡುವ ದಾರಿ ಕಲಿಸುತ್ತಾರೆ.

ಮೊಬೈಲ್ ಇದ್ದರೆ ಕಣ್ಣಿಗೂ ಕಾಣುತ್ತದೆ. ಚೆಂಡು ಕೈಬಿಡುವುದನ್ನು ವಿಡಿಯೋ ಮಾಡಿ, ಒಂದೊಂದೇ ಫ್ರೇಮ್ ನೋಡಿ. ಸೆಕೆಂಡಿಗೆ 30 ಫ್ರೇಮ್ ಆದರೆ ಒಂದರಿಂದ ಇನ್ನೊಂದಕ್ಕೆ ಸೆಕೆಂಡಿನ 30ರಲ್ಲಿ ಒಂದು ಪಾಲು. ಒಂದು ಫ್ರೇಮನ್ನು ಕ್ಷಣ ಅಂತ ತಿಳಿಯುತ್ತೇವೆ, ಆದರೆ ಅದರಲ್ಲಿ ಚೆಂಡು ಸ್ವಲ್ಪ ಉದ್ದಕ್ಕೆ ಮಸುಕಾಗಿರುತ್ತದೆ. ಆ ಮಸುಕು ಕ್ಯಾಮೆರಾ ಬೆಳಕು ಹಿಡಿದ ಅವಧಿ. ಯಾವ ಉಪಕರಣಕ್ಕೂ ಉದ್ದವಿಲ್ಲದ ಕ್ಷಣ ಸಿಗುವುದಿಲ್ಲ.

ಹಂತ 8: ಸೂತ್ರದ ‘ಟಿ’ ಯಾವಾಗಿನಿಂದ ಶುರುವಾಯಿತು ಅಂತ ನೋಡಿ

‘ವಿ = ಯು + ಎ × ಟಿ’ (ಈಗಿನ ವೇಗ = ಶುರುವಿನ ವೇಗ + ವೇಗೋತ್ಕರ್ಷ × ಟಿ) ಅನ್ನುವಲ್ಲಿ ಟಿ ಗಡಿಯಾರದ ಸಮಯ ಅಲ್ಲ. ವೇಗ ‘ಯು’ ಇದ್ದ ಕ್ಷಣದಿಂದ ಈಗಿನವರೆಗಿನ ಅವಧಿ. ಒಂದೇ ವಸ್ತು ಇದ್ದಾಗ ಸೊನ್ನೆ ಅಲ್ಲೇ ಇಟ್ಟಿರುತ್ತೇವೆ, ಹಾಗಾಗಿ ವ್ಯತ್ಯಾಸ ಕಾಣುವುದಿಲ್ಲ. ಎರಡು ವಸ್ತು ಬಂದ ಕೂಡಲೇ ಕಾಲು ಜಾರುತ್ತದೆ.

15 ಮೀಟರ್ ಎತ್ತರದ ಮರದಿಂದ ಒಂದು ಕಾಯಿ ಬಿತ್ತು. ಅರ್ಧ ಸೆಕೆಂಡ್ ಆದ ಮೇಲೆ ಇನ್ನೊಂದು. ಮೊದಲನೆಯದು ನೆಲ ಮುಟ್ಟುವಾಗ ಎರಡನೆಯದು ಎಲ್ಲಿರುತ್ತದೆ?

ಮೊದಲ ಕಾಯಿಗೆ ಬೇಕಾದ ಹೊತ್ತು 1.75 ಸೆಕೆಂಡ್. ಎರಡನೆಯ ಕಾಯಿಯ ಸೂತ್ರಕ್ಕೆ 1.75 ಹಾಕಬೇಡಿ. ಅದು ಬೀಳುತ್ತಿರುವುದು 1.75 − 0.5 = 1.25 ಸೆಕೆಂಡಿನಿಂದ. ಬಿದ್ದ ದೂರ 4.9 × 1.5625, ಸುಮಾರು 7.66 ಮೀಟರ್. ನೆಲದಿಂದ ಇನ್ನೂ 7.34 ಮೀಟರ್ ಮೇಲಿದೆ.

ಮಕ್ಕಳು ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ಎರಡನೆಯದು ಹೊರಡುವಾಗ ಮೊದಲನೆಯದು 1.2 ಮೀಟರ್ ಕೆಳಗಿತ್ತು, ಹಾಗಾಗಿ ಕೊನೆಯವರೆಗೂ 1.2 ಮೀಟರ್ ಅಂತರ ಅಂತ ಬರೆಯುತ್ತಾರೆ. ಎರಡೂ ಒಂದೇ ರೀತಿ ಬೀಳುತ್ತವಲ್ಲ ಅನ್ನುವ ವಾದ. ಒಂದೇ ರೀತಿ ಬೀಳುತ್ತವೆ ನಿಜ. ಅದಕ್ಕೇ ಕೊನೆಯವರೆಗೆ ಬದಲಾಗದೆ ಉಳಿಯುವುದು ಅರ್ಧ ಸೆಕೆಂಡ್, ದೂರ ಅಲ್ಲ. ಧಡ್ ಅಂತ ಒಂದು ಸದ್ದು, ಅರ್ಧ ಸೆಕೆಂಡಿಗೆ ಇನ್ನೊಂದು. ಮೊದಲ ಕಾಯಿ ನೆಲಕ್ಕೆ ಬರುವಾಗ ಗಂಟೆಗೆ 60 ಕಿಲೋಮೀಟರ್ ದಾಟಿದ ವೇಗದಲ್ಲಿರುತ್ತದೆ, ಹಾಗಾಗಿ ಇದನ್ನು ಮರದ ಕೆಳಗೆ ನಿಂತು ಪರೀಕ್ಷಿಸುವುದು ಬೇಡ.

ವಿಕಿರಣದ ಪಾಠದ ಅರ್ಧಾಯು ಇಲ್ಲೇ ಸೇರುತ್ತದೆ. ಅಯೋಡಿನ್-131ರ ಅರ್ಧಾಯು ಸುಮಾರು 8 ದಿನ. ‘ಯಾವಾಗಿನಿಂದ 8 ದಿನ?’ ಅಂತ ಕೇಳಿದರೆ ಉತ್ತರ: ನೀವು ಯಾವಾಗಿನಿಂದ ಎಣಿಸುತ್ತೀರೋ ಆವಾಗಿನಿಂದ. ಇವತ್ತು ಎಷ್ಟಿದೆಯೋ ಅದರ ಅರ್ಧ 8 ದಿನಕ್ಕೆ. ನಾಡಿದ್ದು ಎಷ್ಟಿರುತ್ತದೋ ಅದರ ಅರ್ಧ ಅಲ್ಲಿಂದ 8 ದಿನಕ್ಕೆ.

ಹಂತ 9: ಗೆರೆಯೇ ಅಲ್ಲಾಡಿದಾಗ

ಪರೀಕ್ಷೆಗೆ ಓದುವವರು ಇಲ್ಲಿಗೆ ನಿಲ್ಲಿಸಬಹುದು. ಉಳಿದದ್ದು ಕುತೂಹಲಕ್ಕೆ.

ಇಷ್ಟು ಹೊತ್ತು ಕ್ಷಣಕ್ಕೆ ಸೊನ್ನೆ ಬೇಕು, ಅವಧಿಗೆ ಯಾರ ಹಂಗೂ ಬೇಡ ಅಂತ ಹೇಳಿದೆ. ಐನ್‌ಸ್ಟೈನ್ 1905ರಲ್ಲಿ ಅದಕ್ಕೂ ಕೈ ಹಾಕಿದರು. ಅವಧಿಯೂ ಯಾರು ಅಳೆಯುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಮ್ಯೂಆನ್ ಅನ್ನುವ ಕಣ ಸರಾಸರಿ 2.2 ಮೈಕ್ರೋಸೆಕೆಂಡ್ ಬದುಕುತ್ತದೆ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ಹೊತ್ತಿನಲ್ಲಿ 660 ಮೀಟರ್ ಹೋಗಬಹುದು. ಆದರೆ ಹತ್ತು-ಹದಿನೈದು ಕಿಲೋಮೀಟರ್ ಮೇಲೆ ವಾತಾವರಣದಲ್ಲಿ ಹುಟ್ಟಿದ ಮ್ಯೂಆನ್‌ಗಳು ನೆಲದವರೆಗೆ ಬರುತ್ತವೆ, ಈಗಲೂ ನಿಮ್ಮ ಮೈಯ ಮೂಲಕ ಹೋಗುತ್ತಿವೆ. ಅವುಗಳ ಜೊತೆ ಓಡುವ ಗಡಿಯಾರದಲ್ಲಿ 2.2, ನೆಲದ ಮೇಲಿನ ನಮ್ಮ ಗಡಿಯಾರದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಮೊಬೈಲಿನ ಜಿಪಿಎಸ್‌ನಲ್ಲೂ ಈ ಲೆಕ್ಕ ಇದೆ, ಜೊತೆಗೆ ಐನ್‌ಸ್ಟೈನ್ ಆಮೇಲೆ ಸೇರಿಸಿದ ಗುರುತ್ವದ ಲೆಕ್ಕವೂ ಇದೆ: ಓಟದಿಂದ ಗಡಿಯಾರ ಸ್ವಲ್ಪ ನಿಧಾನವಾಗುತ್ತದೆ, ಮೇಲೆ ಗುರುತ್ವ ಕಮ್ಮಿ ಇರುವ ಕಾರಣ ಅದಕ್ಕಿಂತ ಜಾಸ್ತಿ ಬೇಗವಾಗುತ್ತದೆ. ಎರಡೂ ಸೇರಿ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರ್ ಹೋಗುತ್ತದೆ, ಹಾಗಾಗಿ ಸರಿಮಾಡದೆ ಬಿಡುವ ಹಾಗಿಲ್ಲ.

ಇನ್ನು ಸೆಕೆಂಡ್. 1967ರಿಂದ ಸೆಕೆಂಡ್ ಅಂದರೆ ಸೀಸಿಯಂ-133 ಪರಮಾಣುವಿನ ಒಂದು ವಿಕಿರಣ 9,19,26,31,770 ಸಲ ಕಂಪಿಸುವ ಹೊತ್ತು. ಇದರಲ್ಲಿ ಸೂರ್ಯ ಇಲ್ಲ, ಮಧ್ಯಾಹ್ನ ಇಲ್ಲ, ಬರೀ ಅವಧಿ. ಆದರೆ ನಮ್ಮ ಗಡಿಯಾರದ ಕ್ಷಣಗಳು ಇನ್ನೂ ಭೂಮಿಯ ತಿರುಗಾಟಕ್ಕೆ ಕಟ್ಟಿಕೊಂಡಿವೆ, ಭೂಮಿಯೋ ಸರಿಯಾಗಿ ಸಮನಾಗಿ ತಿರುಗುವುದಿಲ್ಲ. ಎರಡನ್ನೂ ಹೊಂದಿಸಲು 1972ರಿಂದ ಆಗಾಗ ಒಂದು ಅಧಿಕ ಸೆಕೆಂಡ್ ಸೇರಿಸುತ್ತಾ ಬಂದರು. ಅಧಿಕ ಮಾಸ ಇದ್ದ ಹಾಗೆ. ಒಟ್ಟು 27 ಸಲ. ಈ ತಲೆನೋವು ಸಾಕು ಅಂತ 2035ರೊಳಗೆ ಈ ಪದ್ಧತಿ ಬದಲಿಸಲು 2022ರಲ್ಲಿ ತೀರ್ಮಾನ ಆಗಿದೆ.

27ನೆಯದು ಬಂದದ್ದು 2016ರ ಡಿಸೆಂಬರ್ 31ರ ಕೊನೆಗೆ, ಲಂಡನ್ ಕಡೆಯ ನಡುರಾತ್ರಿಯಲ್ಲಿ. ನಮಗೆ ಆಗ 2017ರ ಜನವರಿ 1ರ ಬೆಳಗಿನ ಜಾವ. 5 ಗಂಟೆ 29 ನಿಮಿಷ 59 ಸೆಕೆಂಡ್ ಆದ ಮೇಲೆ 5 ಗಂಟೆ 29 ನಿಮಿಷ 60 ಸೆಕೆಂಡ್ ಅನ್ನುವ ಒಂದು ಸಮಯ ಬಂತು, ಆಮೇಲೆ ಐದೂವರೆ. ಹಂತ 3ರ ನಿಯಮದ ಪ್ರಕಾರ 5.30ರಿಂದ 5.29 ಕಳೆದು ನೋಡಿ. ಕಳೆದರೆ ಬರುವುದು 60 ಸೆಕೆಂಡ್, ಅವತ್ತು ಕಳೆದದ್ದು 61.